ಸರ್ವರ್ ಎಲ್ಲೈತೆ? ಪಹಣಿಯ ಎರಡನೇ ಪ್ರತಿಯ ಕತೆ

"ಸರ್ವರ್ ಡೌನ್ ಅಂತಾರೆ ಕಣಪ್ಪ. ನೀನು ಕಂಪ್ಯೂಟರ್ ಊರಾಗೇ ಇದ್ದೀಯ. ಈ ಸರ್ವರ್ ಅನ್ನೋದು ಎಲ್ಲೈತೆ, ಯಾರು ನೋಡ್ಕೊಳ್ತಾರೆ?"

ದೊಡ್ಡಪ್ಪನ ಫೋನು. ಪಹಣಿ ತಿದ್ದುಪಡಿಗೆಂದು ಕಚೇರಿಗೆ ಅಲೆಯುತ್ತಿದ್ದ ಅವರಿಗೆ ಅದು ಮೂರನೇ ದಿನ. ತಾತನ ಹೆಸರಿನಲ್ಲಿದ್ದ ಜಮೀನನ್ನು ಅಣ್ಣತಮ್ಮಂದಿರು ಭಾಗ ಮಾಡಿಕೊಳ್ಳಲು ಹೊರಟಾಗ ಒಂದು ಸರ್ವೆ ನಂಬರಿನಲ್ಲಿ 1 ಎಕರೆ 32 ಗುಂಟೆ ಇರಬೇಕಾದ ಕಡೆ 1 ಎಕರೆ 23 ಗುಂಟೆ ಅಂತ ಇರುವುದು ಕಣ್ಣಿಗೆ ಬಿತ್ತು. ಕೈಬರಹದ ಪಹಣಿಯನ್ನು ಕಂಪ್ಯೂಟರಿಗೆ ಏರಿಸುವಾಗ ಯಾರೋ 3 ಮತ್ತು 2ನ್ನು ಅದಲುಬದಲು ಮಾಡಿದ್ದರು. 9 ಗುಂಟೆ ನೆಲದಲ್ಲಿದೆ, ದಾಖಲೆಯಲ್ಲಿಲ್ಲ. ಇಪ್ಪತ್ತು ವರ್ಷ ಸೊಸೈಟಿ ಸಾಲಕ್ಕೆ, ಬೆಳೆ ಪರಿಹಾರಕ್ಕೆ ಅದೇ ಪಹಣಿ ಕೊಟ್ಟಿದ್ದರೂ ಮನೆಯಲ್ಲಿ ಯಾರೂ ಗಮನಿಸಿರಲಿಲ್ಲ. ಪತ್ರಿಕೋದ್ಯಮ ಓದಿದ ನಾನೂ ಗಮನಿಸಿರಲಿಲ್ಲ.

ನಾನಿರುವುದು ಕಾಡುಗೋಡಿಯಲ್ಲಿ, ರೈಲ್ವೆ ಸ್ಟೇಷನ್ನಿಗೆ ನಡೆದು ಹೋಗುವಷ್ಟು ದೂರದ ಒಂದು ರೂಮಿನಲ್ಲಿ. ಬೆಳಗ್ಗೆ ಮಾಲೂರು, ಬಂಗಾರಪೇಟೆ ಕಡೆಯಿಂದ ಬರುವ ರೈಲುಗಳು ಇಲ್ಲಿ ಜನರನ್ನು ಸುರಿದು ಹೋಗುತ್ತವೆ. ಅವರಲ್ಲಿ ಅರ್ಧ ಜನ ಮೆಟ್ರೊ ಕಡೆ ಓಡುತ್ತಾರೆ, ಇನ್ನರ್ಧ ಐಟಿಪಿಎಲ್ ಕಡೆಯ ಬಸ್ಸು ಹುಡುಕುತ್ತಾರೆ. ನನ್ನ ರೂಮ್‌ಮೇಟ್ ಒಂದು ಕಂಪನಿಯ ಸರ್ವರ್‌ಗಳನ್ನು ನೋಡಿಕೊಳ್ಳುವವನು, ಹೆಚ್ಚಾಗಿ ನೈಟ್ ಶಿಫ್ಟು. ದೊಡ್ಡಪ್ಪನ ಪ್ರಶ್ನೆಯನ್ನು ಅವನಿಗೆ ದಾಟಿಸಿದೆ. ಅವನು ಟೀ ಲೋಟ ಕೆಳಗಿಟ್ಟು, "ಸರ್ವರ್ ಎಲ್ಲಿದೆ ಅಂತ ಕೇಳ್ಬೇಡ, ಎರಡನೇ ಕಾಪಿ ಎಲ್ಲಿದೆ ಅಂತ ಕೇಳು" ಅಂದ.

ಈ ಬರಹ ಶುರುವಾದದ್ದು ಆ ಮಾತಿನಿಂದ. ಹುಡುಕುತ್ತಾ ಹೋದರೆ ಎರಡನೇ ಪ್ರತಿಯ ಕತೆ ಕಂಪ್ಯೂಟರಿಗಿಂತ ಬಹಳ ಹಿಂದಕ್ಕೆ ಹೋಗುತ್ತದೆ.

ನಮ್ಮ ಹಳ್ಳಿಗಳ ಮೊದಲ ಸರ್ವರ್ ಇದ್ದದ್ದು ಶ್ಯಾನುಭೋಗರ ಮನೆಯ ನಡುಮನೆಯಲ್ಲಿ. ಹಳೇ ಮೈಸೂರು ಕಡೆ ಅವರು ಲೆಕ್ಕ ಬರೆಯುತ್ತಿದ್ದದ್ದು ಕಡತದಲ್ಲಿ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಮೆತ್ತಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದರೆ ಕಡತ. ಕಪ್ಪು ಮೈಮೇಲೆ ಬಳಪದಿಂದ ಬರೆಯುವುದು. ಬೇಡವಾದರೆ ಒರೆಸಿ ಮತ್ತೆ ಬರೆಯಬಹುದು. 1810ರಲ್ಲಿ ಮೈಸೂರಿನ ಇತಿಹಾಸದ ಮೊದಲ ಸಂಪುಟ ತಂದ ಮಾರ್ಕ್ ವಿಲ್ಕ್ಸ್ ಈ ಕಡತಗಳನ್ನು ಕುತೂಹಲದಿಂದ ವಿವರಿಸಿದ್ದಾನೆ. ಶೃಂಗೇರಿ ಮಠದಲ್ಲಿ ಇಂಥ ಕಡತಗಳ ದೊಡ್ಡ ಸಂಗ್ರಹ ಈಗಲೂ ಇದೆ. ಬಟ್ಟೆ ಹೋಗಿ ಕಾಗದ ಬಂದ ಮೇಲೂ ಹೆಸರು ಹೋಗಲಿಲ್ಲ. ಸರ್ಕಾರಿ ಕಚೇರಿಯ ಫೈಲಿಗೆ ಕಡತ ಅಂತಲೇ ಕರೆದೆವು. ಕಂಪ್ಯೂಟರಿಗೆ ಕನ್ನಡ ಬಂದಾಗ ಅದರ ಫೈಲೂ ಕಡತವೇ ಆಯಿತು. ಒರೆಸಿ ಬರೆಯಬಹುದು ಅನ್ನುವ ಗುಣದಲ್ಲಿ ಕಾಗದಕ್ಕಿಂತ ಕಂಪ್ಯೂಟರೇ ಹಳೇ ಕಡತಕ್ಕೆ ಹತ್ತಿರದ ನೆಂಟ.

ಒರೆಸಿ ಬರೆಯಬಹುದಾದದ್ದು ಒಬ್ಬರ ಮನೆಯಲ್ಲೇ ಇದ್ದರೆ ಏನಾಗುತ್ತದೆ ಅಂತ ಊರಿಗೆಲ್ಲ ಗೊತ್ತಿತ್ತು. ಶ್ಯಾನುಭೋಗರೇ ಸರ್ವರ್, ಅವರೇ ಅದರ ಅಡ್ಮಿನ್ನು. ಶ್ಯಾನುಭೋಗರ ಕೈಚಳಕದ ಬಗ್ಗೆ ನಮ್ಮ ಹಳ್ಳಿಗಳಲ್ಲಿ ಗಾದೆಗಳಿಗೆ ಬರವಿಲ್ಲ. ಅದಕ್ಕೆ ಆಡಳಿತ ಮಾಡಿದ ಏರ್ಪಾಡು ಜಮಾಬಂದಿ. ವರ್ಷಕ್ಕೊಮ್ಮೆ ಮೇಲಿನ ಅಧಿಕಾರಿಯ ಎದುರು ಹಳ್ಳಿ ಲೆಕ್ಕವನ್ನು ತಾಲೂಕು ಲೆಕ್ಕದ ಜತೆ ತಾಳೆ ನೋಡುವುದು. ರೂಮ್‌ಮೇಟಿಗೆ ಇದನ್ನು ಹೇಳಿದಾಗ ಅವನು ಎದ್ದು ಕೂತ. ಅವರ ಕಂಪನಿಯಲ್ಲಿ ಬ್ಯಾಕಪ್ ತೆಗೆಯುವುದನ್ನು ಯಾರೂ ಮರೆಯುವುದಿಲ್ಲವಂತೆ, ಎಲ್ಲ ತಾನಾಗೇ ನಡೆಯುತ್ತದೆ. ಆ ಬ್ಯಾಕಪ್ಪಿನಿಂದ ನಿಜವಾಗಿ ಡೇಟಾ ವಾಪಸ್ ಬರುತ್ತದೋ ಇಲ್ಲವೋ ಅಂತ ಪರೀಕ್ಷೆ ಮಾಡುವುದನ್ನು ಮಾತ್ರ ಎಲ್ಲರೂ ಮುಂದಕ್ಕೆ ತಳ್ಳುತ್ತಾರಂತೆ. ಜಮಾಬಂದಿಯಲ್ಲಿ ನಡೆಯುತ್ತಿದ್ದದ್ದು ಆ ಪರೀಕ್ಷೆಯೇ.

ಇನ್ನೊಂದು ಏರ್ಪಾಡು ಇದಕ್ಕಿಂತ ಮುಖ್ಯ ಅಂತ ನನಗೆ ಅನಿಸುತ್ತದೆ. ಮೈಸೂರಿನಲ್ಲಿ 1863ರಲ್ಲಿ ಕಂದಾಯ ಸರ್ವೆ ಶುರುವಾಯಿತು. ಸರಪಳಿ ಹಿಡಿದು ಅಳೆದವರು ಪ್ರತಿ ಸರ್ವೆ ನಂಬರಿಗೂ ಟಿಪ್ಪಣಿ ಬರೆದರು, ಊರಿನ ಒಟ್ಟು ಲೆಕ್ಕಕ್ಕೆ ಆಕಾರಬಂದ್ ಮಾಡಿದರು. ಈ ಕಾಗದಗಳು ಸರ್ವೆ ಇಲಾಖೆಯ ಕೈಯಲ್ಲಿ, ಪಹಣಿ ಕಂದಾಯ ಇಲಾಖೆಯ ಕೈಯಲ್ಲಿ. ಆಕಾರಬಂದ್ ಪಹಣಿಯ ನಕಲಲ್ಲ. ಒಂದೇ ನೆಲವನ್ನು ಬೇರೆ ಜನ, ಬೇರೆ ಕೆಲಸಕ್ಕೆ, ಬೇರೆ ಕಡೆ ಬರೆದಿಟ್ಟ ಇನ್ನೊಂದು ದಾಖಲೆ. ಪಹಣಿಯಲ್ಲಾದ ತಪ್ಪು ತಾನಾಗಿ ಅಲ್ಲಿಗೆ ಹರಿಯುವುದಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ದೊಡ್ಡಪ್ಪನ 9 ಗುಂಟೆಗೆ ಇದು ಕೊನೆಯಲ್ಲಿ ಬೇಕಾಗುತ್ತದೆ.

ವಂಶಪಾರಂಪರ್ಯದ ಶ್ಯಾನುಭೋಗಿಕೆ, ಪಟೇಲಿಕೆಗಳನ್ನು 1961ರ ಗ್ರಾಮಾಧಿಕಾರಗಳ ರದ್ದತಿ ಕಾಯ್ದೆ ತೆಗೆದುಹಾಕಿತು. ಸಂಬಳದ ಗ್ರಾಮ ಲೆಕ್ಕಿಗರು ಬಂದರು. 1964ರ ಭೂಕಂದಾಯ ಕಾಯ್ದೆಯ ಅಡಿಯಲ್ಲಿ ಹಕ್ಕು, ಗೇಣಿ, ಬೆಳೆ ಮೂರನ್ನೂ ಒಂದೇ ಹಾಳೆಯಲ್ಲಿ ತೋರಿಸುವ ಆರ್‌ಟಿಸಿ, ಅಂದರೆ ನಾವು ಹೇಳುವ ಪಹಣಿ, ರೈತನ ಜಾತಕವಾಯಿತು. ಮುಂದಿನ ನಾಲ್ಕು ದಶಕ ಈ ಜಾತಕ ಇದ್ದದ್ದು ಗ್ರಾಮ ಲೆಕ್ಕಿಗರ ಚೀಲದಲ್ಲಿ. ರಾಜ್ಯದಲ್ಲಿ ಅವರು ಸುಮಾರು 9,000 ಜನ, ಒಬ್ಬೊಬ್ಬರಿಗೆ ಮೂರು ನಾಲ್ಕು ಹಳ್ಳಿ. ಅವರು ಸಿಕ್ಕಿದ ದಿನ ಪಹಣಿ ಸಿಗುತ್ತಿತ್ತು. ಸಿಗದ ದಿನ ಯಾರೂ ಸರ್ವರ್ ಡೌನ್ ಅನ್ನುತ್ತಿರಲಿಲ್ಲ, "ಲೆಕ್ಕಿಗರು ಫೀಲ್ಡಿಗೆ ಹೋಗಿದ್ದಾರೆ" ಅನ್ನುತ್ತಿದ್ದರು. ಅರ್ಥ ಒಂದೇ.

ಕಂಪ್ಯೂಟರಿನ ಮೊದಲ ಪ್ರಯತ್ನ ಸೋತಿತು, ಆ ಸೋಲಿನ ಬಗ್ಗೆ ನಾವು ಕಡಿಮೆ ಮಾತಾಡುತ್ತೇವೆ. ಭೂದಾಖಲೆಗಳನ್ನು ಗಣಕೀಕರಿಸುವ ಕೇಂದ್ರ ಸರ್ಕಾರದ ಯೋಜನೆ 1988-89ರಲ್ಲಿ ಕೆಲವೇ ಜಿಲ್ಲೆಗಳಲ್ಲಿ ಪ್ರಯೋಗವಾಗಿ ಶುರುವಾಯಿತು, ಆಮೇಲೆ ನಮ್ಮ ಗುಲ್ಬರ್ಗಕ್ಕೂ ಆ ಪ್ರಯೋಗ ಬಂತು. 1996ರ ಹೊತ್ತಿಗೆ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಮಂಜೂರಾಯಿತು. ಆದರೆ ಕಂಪ್ಯೂಟರನ್ನು ತಾಲೂಕು ಕಚೇರಿಯಲ್ಲಿ ಇಡಲು ಅದರಲ್ಲಿ ಅವಕಾಶವೇ ಇರಲಿಲ್ಲ. ಪಹಣಿ ಬದಲಾಗುವುದು ತಾಲೂಕಿನಲ್ಲಿ. ಕ್ರಯ ಆಯಿತು, ಅಪ್ಪ ತೀರಿಕೊಂಡು ಪೌತಿ ಖಾತೆ ಆಯಿತು, ಅಣ್ಣತಮ್ಮಂದಿರು ಬೇರೆಯಾದರು ಅಂದರೆ ಬರೆಯುವ ಕೈ ಇರುವುದು ಅಲ್ಲಿ. ಡೇಟಾ ಎಂಟ್ರಿ ಮಾಡಿದ್ದು ಒಂದು ಕಡೆ, ತಿದ್ದುವ ಕೆಲಸ ಇನ್ನೊಂದು ಕಡೆ. ಹೀಗಾಗಿ ಕಂಪ್ಯೂಟರಿಗೆ ಏರಿದ ದಾಖಲೆ ಏರಿದಲ್ಲೇ ಹಳಸತೊಡಗಿತು. ಹಳ್ಳಿಯಲ್ಲಿ ಕೈಬರಹದ ಪಹಣಿಯೇ ನಿಜ, ಕಂಪ್ಯೂಟರಿನದ್ದು ಹಳೇ ಫೋಟೊ.

'ಭೂಮಿ' ಗೆದ್ದದ್ದು ಈ ಒಂದು ವಿಷಯವನ್ನು ಸರಿಯಾಗಿ ಹಿಡಿದದ್ದರಿಂದ. ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದ ಕಾಲ. ಕಂದಾಯ ಇಲಾಖೆಯಲ್ಲಿದ್ದ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಬೆನ್ನುಹತ್ತಿ ಮಾಡಿಸಿದರು. ರಾಷ್ಟ್ರೀಯ ಮಾಹಿತಿ ಕೇಂದ್ರದ ಬೆಂಗಳೂರು ಘಟಕ ತಂತ್ರಾಂಶ ಬರೆಯಿತು. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಏರಿದವು. ಮುಖ್ಯವಾಗಿ, 177 ತಾಲೂಕು ಕಚೇರಿಗಳಲ್ಲೂ ಸರ್ವರ್ ಬಂದು ಕೂತಿತು. ಅಂದರೆ ಬರೆಯುವ ಕೈ ಇರುವಲ್ಲೇ ದಾಖಲೆ.

ಆ ಕೋಣೆಗಳನ್ನು ನಮ್ಮಲ್ಲಿ ಬಹಳ ಜನ ನೋಡಿದ್ದೀರಿ. ಸುಣ್ಣ ಬಣ್ಣ ಮಾಡಿದ ಒಂದು ರೂಮು, ಕಿಟಕಿಯಲ್ಲಿ ಕೌಂಟರು, 15 ರೂಪಾಯಿಗೆ ಪಹಣಿ. ರೈತನ ಕಡೆಗೂ ತಿರುಗಿಸಿಟ್ಟ ಇನ್ನೊಂದು ಪರದೆ, ಆಪರೇಟರ್ ಏನು ಒತ್ತುತ್ತಿದ್ದಾನೆ ಅಂತ ಕಾಣಲಿ ಎಂದು. ಹಿಂದಿನ ಕೋಣೆಯಲ್ಲಿ ಸರ್ವರ್, ಅದಕ್ಕೆ ಕೇಬಲಿನಲ್ಲಿ ಜೋಡಿಸಿದ ಕಂಪ್ಯೂಟರುಗಳು, ಕರೆಂಟು ಹೋದರೆ ಯುಪಿಎಸ್ಸು. ಬೀಗದ ಬದಲು ಬೆರಳಚ್ಚು: ದಾಖಲೆ ತಿದ್ದುವ ಶಿರಸ್ತೇದಾರರ ಬೆರಳು ತಾಗದೆ ತಂತ್ರಾಂಶ ತೆರೆದುಕೊಳ್ಳುತ್ತಿರಲಿಲ್ಲ. ಕಂದಾಯ ನಿರೀಕ್ಷಕರು ಸಹಿ ಮಾಡಿದ ಮ್ಯುಟೇಶನ್ ಆದೇಶವನ್ನು ಸ್ಕ್ಯಾನ್ ಮಾಡಿ ಒಳಗಿಡುವ ಪದ್ಧತಿಯೂ ಇತ್ತು, ನಾಳೆ "ನಾನು ಬರೆದದ್ದಲ್ಲ" ಅನ್ನದ ಹಾಗೆ. ಅರ್ಜಿಗಳನ್ನು ಮೊದಲು ಬಂದದ್ದು ಮೊದಲು ಎಂಬ ಸಾಲಿನಲ್ಲೇ ಮುಗಿಸಬೇಕು, ಸಾಲು ಮುರಿದು ಯಾರದ್ದೋ ಖಾತೆ ಮುಂದೆ ಮಾಡಲು ತಂತ್ರಾಂಶ ಬಿಡುವುದಿಲ್ಲ.

ರೂಮ್‌ಮೇಟ್ ಇಂಥ ಕೋಣೆಗೆ ಏನೇನು ಬೇಕಾಗುತ್ತದೆ ಅಂತ ಪೇಪರಿನ ಅಂಚಿನಲ್ಲಿ ಗೀಚಿ ತೋರಿಸಿದ. ಸರ್ವರಿಗೆ ಬದಲಾಗದ ವಿಳಾಸ ಇರಬೇಕು, ಮನೆ ನಂಬರಿನ ಹಾಗೆ. ಉಳಿದ ಕಂಪ್ಯೂಟರುಗಳು ಅದನ್ನು ಹೆಸರಿನಿಂದ ಹುಡುಕುವ ಹಾಗಿರಬೇಕು, ಇಲ್ಲದಿದ್ದರೆ ಒಂದು ವಿಳಾಸ ಬದಲಾದ ದಿನ ಎಲ್ಲ ಕೌಂಟರೂ ಬಂದ್. ಯಾರಿಗೆ ಓದುವ ಹಕ್ಕು, ಯಾರಿಗೆ ಬರೆಯುವ ಹಕ್ಕು ಅನ್ನುವುದು ಸರ್ವರಿನಲ್ಲೇ ತೀರ್ಮಾನವಾಗಬೇಕು. ಕೊನೆಯದು ಗಡಿಯಾರ. ನನಗೆ ನಗು ಬಂತು, ಗಡಿಯಾರದ್ದೇನು ಅಂತ. "ಮೊದಲು ಬಂದವನು ಯಾರು ಅಂತ ಹೇಳೋದು ಗಡಿಯಾರ ತಾನೇ? ಎರಡು ಕಂಪ್ಯೂಟರಿನ ಟೈಮು ಹತ್ತು ನಿಮಿಷ ಹಿಂದೆಮುಂದೆ ಇದ್ರೆ ಸಾಲು ಅಲ್ಲೇ ಮುರೀತು" ಅಂದ. ಲಂಚ ಕೊಟ್ಟು ಸಾಲು ಮುರಿಯುವುದನ್ನು ನೋಡಿದ್ದೆ, ಗಡಿಯಾರ ಸಾಲು ಮುರಿಯುತ್ತದೆ ಅಂತ ಯೋಚಿಸಿರಲಿಲ್ಲ.

ಬ್ಯಾಕಪ್ ವಿಷಯಕ್ಕೆ ಬಂದಾಗ ಅವನು ಇನ್ನೂ ನಿಧಾನವಾದ. ಜನ ಮೂರು ಬೇರೆ ಬೇರೆ ವಸ್ತುಗಳನ್ನು ಒಂದೇ ಅಂದುಕೊಳ್ಳುತ್ತಾರಂತೆ. ಒಂದು, ಸರ್ವರಿನೊಳಗೆ ಎರಡು ಡಿಸ್ಕ್ ಇಟ್ಟು ಎರಡಕ್ಕೂ ಒಟ್ಟಿಗೇ ಬರೆಯುವುದು, ರೇಡ್ ಅನ್ನುತ್ತಾರೆ. ಒಂದು ಡಿಸ್ಕ್ ಸತ್ತರೂ ಕೌಂಟರು ನಿಲ್ಲುವುದಿಲ್ಲ. ಆದರೆ ಸರ್ವರಿಗೇ ಬೆಂಕಿ ಬಿದ್ದರೆ ಎರಡೂ ಹೋಗುತ್ತವೆ. ಇನ್ನೊಂದು, ಬೇರೆ ಊರಿನಲ್ಲಿ ಮತ್ತೊಂದು ಸರ್ವರಿಟ್ಟು ಇಲ್ಲಿ ಬರೆದದ್ದೆಲ್ಲ ಅಲ್ಲಿಗೂ ಹರಿಯುವ ಹಾಗೆ ಮಾಡುವುದು. ಬೆಂಕಿಗೆ ಇದು ಉತ್ತರ. ಆದರೆ ಇಲ್ಲಿ ತಪ್ಪು ಬರೆದರೆ ಆ ತಪ್ಪೂ ಕ್ಷಣದಲ್ಲಿ ಅಲ್ಲಿಗೆ ಹರಿಯುತ್ತದೆ, ಅಳಿಸಿದರೆ ಅಲ್ಲೂ ಅಳಿಯುತ್ತದೆ. ಮೂರನೆಯದು ನಿಜವಾದ ಬ್ಯಾಕಪ್. ದಿನಾಂಕ ಹಾಕಿ ತೆಗೆದಿಟ್ಟ ಪ್ರತಿ, ಮೇನ್ ಸರ್ವರಿನಿಂದ ಯಾರೂ ಅದನ್ನು ಮುಟ್ಟಿ ಬದಲಾಯಿಸಲು ಆಗಬಾರದು. ಮೊನ್ನೆಯದ್ದೂ ಇರಬೇಕು, ಹೋದ ತಿಂಗಳದ್ದೂ ಇರಬೇಕು, ಒಂದಾದರೂ ಆ ಕಟ್ಟಡದಿಂದ ಹೊರಗಿರಬೇಕು. ಅವರ ವೃತ್ತಿಯಲ್ಲಿ ಇದಕ್ಕೊಂದು ಲೆಕ್ಕವಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಹೊರಗೆ.

ನಮ್ಮ ಬ್ಯಾಚಿನವರಿಗೆ ಇದರ ಜತೆ ಇನ್ನೊಂದು ಸಂಕಟ ಗೊತ್ತಿರುತ್ತದೆ. ಕಾಲೇಜಿನಲ್ಲಿ ನುಡಿಯಲ್ಲಿ ಟೈಪ್ ಮಾಡಿ ಪೆನ್‌ಡ್ರೈವಿನಲ್ಲಿ ಜೋಪಾನ ಮಾಡಿದ್ದ ವರದಿಗಳನ್ನು ಈಗ ತೆರೆದು ನೋಡಿ. ಫೈಲಿದೆ, ಒಂದು ಬೈಟೂ ಹಾಳಾಗಿಲ್ಲ, ಆದರೆ ಹಳೇ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಕನ್ನಡವೇ ಅಲ್ಲ, ಕೊಕ್ಕೆ ಬರೆದ ಲ್ಯಾಟಿನ್ ಅಕ್ಷರಗಳ ಸಂತೆ. ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರ ಸರಿಮಾಡಿ, ಮತ್ತೆ ಓದಬೇಕು. ಉಳಿಸಿಕೊಂಡದ್ದನ್ನು ಓದಲು ಆಗಬೇಕು ಅನ್ನುವುದೂ ಬ್ಯಾಕಪ್ಪಿನ ಭಾಗ ಅಂತ ನಮಗೆ ಯಾರೂ ಪಾಠ ಮಾಡಿರಲಿಲ್ಲ.

ಭೂಮಿಗೆ ವಾಪಸ್ ಬರೋಣ. ಅದರ ಅತಿ ಕಠಿಣ ತೀರ್ಮಾನ ಎಂದರೆ ಕೈಬರಹದ ಪಹಣಿಯನ್ನು ನಿಲ್ಲಿಸಿದ್ದು. ತಾಲೂಕಿನಿಂದ ತಾಲೂಕಿಗೆ ಅಧಿಸೂಚನೆ ಹೊರಡಿಸುತ್ತ 2002ರ ಮಾರ್ಚ್ ಹೊತ್ತಿಗೆ ಇಡೀ ರಾಜ್ಯದಲ್ಲಿ ಗ್ರಾಮ ಲೆಕ್ಕಿಗರು ಬರೆದುಕೊಡುವ ಪಹಣಿಗೆ ಬೆಲೆ ಇಲ್ಲದಂತಾಯಿತು. ಆಗ ಇದನ್ನು ವಿರೋಧಿಸಿದವರು ಬಹಳ. ಆದರೆ ಎರಡು ಮೂಲಗಳು ಒಟ್ಟಿಗೆ ಓಡಿದರೆ ಯಾವುದು ನಿಜ ಅನ್ನುವ ಜಗಳಕ್ಕೆ ಕೊನೆಯಿರುವುದಿಲ್ಲ, ಗುಲ್ಬರ್ಗದ ಪ್ರಯೋಗದ ಪಾಠವೇ ಅದು. ಲಂಚದ ಮಟ್ಟಿಗೆ ಫಲ ಬೇಗ ಕಂಡಿತು. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ 2002ರಲ್ಲಿ ನಡೆಸಿದ ಅಧ್ಯಯನದಲ್ಲಿ, ಹಳೇ ಪದ್ಧತಿಯಲ್ಲಿ ಲಂಚ ಕೊಟ್ಟಿದ್ದೇವೆ ಎಂದವರು ಮೂವರಲ್ಲಿ ಇಬ್ಬರು. ಭೂಮಿ ಕೌಂಟರಿನಲ್ಲಿ ಹಾಗೆ ಹೇಳಿದವರು ನೂರಕ್ಕೆ 3 ಜನ. ನಮ್ಮಪ್ಪ ಈಗಲೂ ಆ ಕೌಂಟರಿನ ಬಗ್ಗೆ ಮಾತಾಡುವಾಗ ದನಿ ಬದಲಾಗುತ್ತದೆ. ಯಾರಿಗೂ ನಮಸ್ಕಾರ ಹಾಕದೆ ಪಹಣಿ ಸಿಕ್ಕಿತ್ತು ಅನ್ನುತ್ತಾರೆ.

ಕೈಬರಹ ನಿಲ್ಲಿಸಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ತಪ್ಪಾದದ್ದು ಮುಂದಿನ ಹೆಜ್ಜೆಯಲ್ಲಿ. ಪಹಣಿ ಕೊಡುವ ಹಕ್ಕು ಕೈಬರಹಕ್ಕೆ ಹೋದ ಕೂಡಲೇ ಆ ಕಾಗದಕ್ಕೆ ಸಾಕ್ಷಿಯ ಬೆಲೆಯೂ ಹೋಯಿತು ಎಂದು ಬಹಳ ಜನ ಭಾವಿಸಿಬಿಟ್ಟರು. 2 ಕೋಟಿ ದಾಖಲೆಗಳನ್ನು ಗಡಿಬಿಡಿಯಲ್ಲಿ ಟೈಪ್ ಮಾಡಿದ್ದು ಜಮೀನು, ಊರು, ಹೆಸರು ಯಾವುದೂ ಗೊತ್ತಿಲ್ಲದ ಡೇಟಾ ಎಂಟ್ರಿ ಹುಡುಗರು. ಪ್ರಿಂಟ್ ತೆಗೆದು ಗ್ರಾಮ ಲೆಕ್ಕಿಗರಿಂದ ತಾಳೆ ನೋಡಿಸಿದರು ನಿಜ. ಆದರೆ ಒಬ್ಬೊಬ್ಬರ ಮುಂದೆ ಸಾವಿರಾರು ಹಾಳೆ, ಮೇಲಿನಿಂದ ಗಡುವು. 32 ಇದ್ದದ್ದು 23 ಆದರೆ ಯಾರ ಕಣ್ಣಿಗೆ ಬೀಳಬೇಕು? ಅಂದಿನಿಂದ ಆ 23 ನಿಷ್ಠೆಯಿಂದ ಒಂದು ಡಿಸ್ಕಿನಿಂದ ಇನ್ನೊಂದಕ್ಕೆ, ಒಂದು ಸರ್ವರಿನಿಂದ ಇನ್ನೊಂದಕ್ಕೆ ನಕಲಾಗುತ್ತಾ ಬಂದಿದೆ. ತಪ್ಪನ್ನು ಇಷ್ಟು ಜೋಪಾನವಾಗಿ ಯಾವ ಶ್ಯಾನುಭೋಗರೂ ಕಾಪಾಡಿರಲಿಲ್ಲ.

ಆಮೇಲೆ ಸರ್ವರ್ ತಾಲೂಕು ಬಿಟ್ಟು ಹೊರಟಿತು. 2006ರ ಸುಮಾರಿಗೆ ಹೋಬಳಿ ಮಟ್ಟದಲ್ಲಿ ನೆಮ್ಮದಿ ಕೇಂದ್ರಗಳು ಬಂದವು, ಸುಮಾರು 800. ರೈತ ತಾಲೂಕಿಗೆ ಬರುವುದು ತಪ್ಪಬೇಕಾದರೆ ಹೋಬಳಿಯ ಕಂಪ್ಯೂಟರಿಗೆ ದಾಖಲೆ ತಲುಪಬೇಕು, ಅದಕ್ಕೆ ಎಲ್ಲ ತಾಲೂಕಿನ ದಾಖಲೆ ಒಂದು ಕಡೆ ಕೂಡಬೇಕು. ಬೆಂಗಳೂರಿನ ಡೇಟಾ ಸೆಂಟರ್ ಆ ಒಂದು ಕಡೆ ಆಯಿತು. ರಾಜಧಾನಿಯಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲೂಕಿಗೆ ಸರ್ಕಾರದ್ದೇ ಜಾಲ, ಕೆಸ್ವಾನ್, ಹರಡಿತು. ನೆಮ್ಮದಿಯ ಜಾಗಕ್ಕೆ ನಾಡಕಚೇರಿಯ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು ಬಂದವು. ಈಗ ಮೊಬೈಲಿನಲ್ಲೇ ಪಹಣಿ ನೋಡಬಹುದು. ಲಾಭ ದೊಡ್ಡದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ 177 ಕಡೆ ಇದ್ದ ಸರ್ವರ್ ಒಂದು ಕಡೆ ಬಂದಾಗ 'ಸರ್ವರ್ ಡೌನ್' ಎಂಬ ಮಾತಿನ ಅರ್ಥವೂ ಬದಲಾಯಿತು. ಮೊದಲು ಮಾಗಡಿಯ ಸರ್ವರ್ ಕೆಟ್ಟರೆ ಮಾಗಡಿ ಮಾತ್ರ ನಿಲ್ಲುತ್ತಿತ್ತು. ಈಗ ರಸ್ತೆ ಅಗೆಯುವ ಜೆಸಿಬಿ ಒಂದು ಕೇಬಲ್ ಕಡಿದರೆ ಹೋಬಳಿಯವರಿಗೆ ಸರ್ವರ್ ಡೌನ್. ಬೆಂಗಳೂರಿನಲ್ಲಿ ಸರ್ವರ್ ಚೆನ್ನಾಗೇ ಇರುತ್ತದೆ, ದಾರಿ ಸತ್ತಿರುತ್ತದೆ. ಕೌಂಟರಿನ ಹುಡುಗನಿಗೆ ಎರಡೂ ಒಂದೇ, ದೊಡ್ಡಪ್ಪನಿಗೂ ಒಂದೇ. ರೂಮ್‌ಮೇಟ್ ಪ್ರಕಾರ ಇದಕ್ಕೆ ಪರಿಹಾರ ಗುಟ್ಟೇನಲ್ಲ: ಬೇರೆ ದಾರಿಯಲ್ಲಿ ಬರುವ ಎರಡನೇ ಲೈನು. ಎರಡೂ ಲೈನು ಒಂದೇ ಗುಂಡಿಯಲ್ಲಿ ಹೋಗದ ಹಾಗೆ ನೋಡಿಕೊಳ್ಳಬೇಕು ಅಷ್ಟೇ, ಅದನ್ನೇ ಯಾರೂ ನೋಡಿಕೊಳ್ಳುವುದಿಲ್ಲ ಅಂತ ನಕ್ಕ.

ಒಂದೇ ಕಡೆ ಕೂಡಿಟ್ಟರೆ ಏನಾಗಬಹುದು ಅನ್ನುವುದಕ್ಕೆ ಇತ್ತೀಚಿನ ಸಾಕ್ಷಿ ದಕ್ಷಿಣ ಕೊರಿಯಾ. 2025ರ ಸೆಪ್ಟೆಂಬರ್ 26ರಂದು ಡೇಜಾನ್ ನಗರದ ಸರ್ಕಾರಿ ಡೇಟಾ ಸೆಂಟರಿನಲ್ಲಿ ಯುಪಿಎಸ್ ಬ್ಯಾಟರಿಯಿಂದ ಬೆಂಕಿ ಹತ್ತಿತು. ನೂರಾರು ಸರ್ಕಾರಿ ಸೇವೆಗಳು ನಿಂತವು. ಹೆಚ್ಚಿನವನ್ನು ಮೆಲ್ಲಗೆ ಎಬ್ಬಿಸಿದರು. ಆದರೆ ಅಲ್ಲಿನ ನೌಕರರು ಕಡತ ಇಡುತ್ತಿದ್ದ ಜಿ-ಡ್ರೈವ್ ಎಂಬ ಭಂಡಾರದ 858 ಟೆರಾಬೈಟ್ ಸುಟ್ಟು ಹೋಯಿತು. ಅದಕ್ಕೆ ಹೊರಗೆ ಬ್ಯಾಕಪ್ ಇರಲಿಲ್ಲ, ಕಾರಣ ಅದು ತೀರಾ ದೊಡ್ಡದು ಎನ್ನುವುದು. ಜಗತ್ತಿನ ಅತಿ ವೇಗದ ಇಂಟರ್ನೆಟ್ ಇರುವ ದೇಶಗಳಲ್ಲಿ ಒಂದು ಅದು. ನಮ್ಮಲ್ಲೂ ಬೇರೆ ರೀತಿಯ ಪೆಟ್ಟು ಬಿದ್ದಿದೆ. 2025ರ ಆರಂಭದಲ್ಲಿ ನೋಂದಣಿ ಇಲಾಖೆಯ ಕಾವೇರಿ 2.0 ಮೇಲೆ ಸುಳ್ಳು ಕೋರಿಕೆಗಳ ಮಳೆ ಸುರಿಸಿ ಉಸಿರುಗಟ್ಟಿಸುವ ದಾಳಿ ನಡೆಯಿತು. ಡೇಟಾ ಎಲ್ಲಿದ್ದದ್ದು ಅಲ್ಲೇ ಇತ್ತು, ಆದರೂ ಕ್ರಯಪತ್ರ ಮಾಡಿಸಲು ಬಂದವರು ಸಬ್ ರಿಜಿಸ್ಟ್ರಾರ್ ಕಚೇರಿಗಳ ಮುಂದೆ ಕಾದು ಕೂತರು.

ಇಷ್ಟೆಲ್ಲ ಓದುತ್ತಿದ್ದಾಗ ನಾನು ಕೂತಿದ್ದ ಊರಿನದ್ದೇ ಕತೆ ಎದುರಾಯಿತು. ಕಾಡುಗೋಡಿ ಈಗ ಬೆಂಗಳೂರು ಪೂರ್ವ ತಾಲೂಕು, ಬಿದರಹಳ್ಳಿ ಹೋಬಳಿ. ತಾಲೂಕು ಕಚೇರಿ ಕೆ.ಆರ್. ಪುರದಲ್ಲಿ. ಮೆಟ್ರೊದಲ್ಲಿ ಆ ಕಡೆ ಹೋಗುವಾಗ ಕಾಡುಗೋಡಿ ಟ್ರೀ ಪಾರ್ಕ್ ಎಂಬ ಸ್ಟೇಷನ್ ಬರುತ್ತದೆ. ಆ ಮರಗಳ ಹಿಂದೆ ಒಂದು ದಾಖಲೆಯ ಜಗಳವಿದೆ. ಕಾಡುಗೋಡಿ ಪ್ಲಾಂಟೇಶನ್, ಸರ್ವೆ ನಂಬರ್ 1, 711 ಎಕರೆ. 1896ರಲ್ಲೇ ಮೀಸಲು ಅರಣ್ಯ ಎಂದು ಅಧಿಸೂಚನೆಯಾಗಿದೆ ಎನ್ನುವುದು ಅರಣ್ಯ ಇಲಾಖೆಯ ಮಾತು. 2025ರ ಜೂನ್‌ನಲ್ಲಿ ಇಲಾಖೆ ಅದರಲ್ಲಿ 120 ಎಕರೆಯನ್ನು ವಶಕ್ಕೆ ತೆಗೆದುಕೊಂಡಾಗ ಅದರ ಬೆಲೆ 4,000 ಕೋಟಿ ರೂಪಾಯಿಗೂ ಹೆಚ್ಚು ಎಂದು ಸರ್ಕಾರ ಹೇಳಿತು. ಸರ್ಕಾರವೇ ಹಿಂದೆ ನಮಗೆ ಮಂಜೂರು ಮಾಡಿದ ನೆಲ, ತಲೆಮಾರಿನಿಂದ ಉಳುತ್ತಿದ್ದೇವೆ ಎಂದು ದಲಿತ ಕುಟುಂಬಗಳು ಪ್ರತಿಭಟನೆಗೆ ಇಳಿದವು. ಯಾರು ಸರಿ ಎಂದು ನಾನು ಇಲ್ಲಿ ತೀರ್ಪು ಕೊಡಲಾರೆ. ನನ್ನ ಕಣ್ಣಿಗೆ ಬಿದ್ದದ್ದು ಇಷ್ಟು: 4,000 ಕೋಟಿಯ ಜಗಳದಲ್ಲಿ ಎರಡೂ ಕಡೆಯವರು ಹಿಡಿದದ್ದು ಹಳೇ ಕಾಗದವನ್ನು. ಇವತ್ತಿನ ಸರ್ವರಿನಲ್ಲಿ ಏನಿದೆ ಎನ್ನುವುದಕ್ಕಿಂತ, ಸರ್ವರ್ ಹುಟ್ಟುವ ಮೊದಲು ಯಾರು ಎಲ್ಲಿ ಏನು ಬರೆದಿದ್ದರು ಎನ್ನುವುದರ ಮೇಲೆ ಮಾತು ನಿಂತಿತ್ತು. ಒಂದು ಇಲಾಖೆಯ ಗೆಜೆಟ್ಟು ಉಳಿದಿರುತ್ತದೆ. ಬಡವನ ಮಂಜೂರಾತಿ ಪತ್ರದ ಎರಡನೇ ಪ್ರತಿ ಎಲ್ಲಿ ಉಳಿದಿರುತ್ತದೆ?

ಈ ಅಸಮಾನತೆಯ ಬಗ್ಗೆ ಮೊದಲೇ ಎಚ್ಚರಿಸಿದವರಿದ್ದಾರೆ. ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಭೂಮಿ ಯೋಜನೆಯನ್ನು ಬೆಂಗಳೂರಿನ ಅಂಚಿನ ಹಳ್ಳಿಗಳಿಂದ ನೋಡಿ ಬರೆದರು. ಅವರ ವಾದದ ಸಾರ: ದಾಖಲೆ ಹಳ್ಳಿಯ ಕೈತಪ್ಪಿ ಮೇಲಕ್ಕೆ ಹೋದಾಗ ಸಣ್ಣ ರೈತನಿಗೆ ಅದನ್ನು ಸರಿಮಾಡಿಸುವುದು ಕಷ್ಟವಾಯಿತು, ಒಂದೇ ಕಡೆ ಎಲ್ಲ ಜಮೀನಿನ ಮಾಹಿತಿ ಸಿಗುವುದರಿಂದ ದೊಡ್ಡದಾಗಿ ಭೂಮಿ ಕೊಳ್ಳುವವರಿಗೆ ಸುಲಭವಾಯಿತು. ನಮ್ಮಪ್ಪ ಇದನ್ನು ಒಪ್ಪುವುದಿಲ್ಲ, 15 ರೂಪಾಯಿಯ ಕೌಂಟರು ಅವರ ನೆನಪಿನಲ್ಲಿದೆ. ದೊಡ್ಡಪ್ಪ ಒಪ್ಪುತ್ತಾರೆ. ಒಂದೇ ಮನೆಯ ಅಣ್ಣತಮ್ಮಂದಿರು, ಇಬ್ಬರ ಅನುಭವವೂ ನಿಜ.

ಕಾಡುಗೋಡಿ, ಪಟ್ಟಂದೂರು ಅಗ್ರಹಾರದ ಕಡೆ ಚೋಳರ ಕಾಲದ ಶಾಸನಗಳಿವೆ. ಕಲ್ಲಿಗಿಂತ ಗಟ್ಟಿ ಬ್ಯಾಕಪ್ ಯಾವುದು ಅನ್ನಬಹುದು. ಆದರೆ ಬಿ.ಎಲ್. ರೈಸ್ 1905ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟ ಅಚ್ಚು ಹಾಕಿಸಿದಾಗ ಇದ್ದ ಎಷ್ಟೋ ಕಲ್ಲುಗಳು ಈಗಿಲ್ಲ, ಲೇಔಟುಗಳ ಕೆಳಗೆ ಹೋಗಿವೆ. ಅವುಗಳ ಪಾಠ ಉಳಿದಿರುವುದು ಕಾಗದದಲ್ಲಿ. ಮಿಥಿಕ್ ಸೊಸೈಟಿಯವರು ಉಳಿದ ಕಲ್ಲುಗಳನ್ನು 3ಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಕಲ್ಲಿನ ಬ್ಯಾಕಪ್ ಕಾಗದ, ಕಾಗದದ ಬ್ಯಾಕಪ್ ಸ್ಕ್ಯಾನು. ಕಂದಾಯ ಇಲಾಖೆಯೂ ಈಗ 'ಭೂ ಸುರಕ್ಷಾ' ಎಂಬ ಹೆಸರಿನಲ್ಲಿ ತಾಲೂಕು ರೆಕಾರ್ಡ್ ರೂಮುಗಳ ಹಳೇ ಕಡತಗಳನ್ನು ಸ್ಕ್ಯಾನ್ ಮಾಡಿಸುತ್ತಿದೆ. ಭೂಮಿಯಲ್ಲಿ ಟೈಪ್ ಮಾಡಿದ್ದು ದಾಖಲೆಯ ಸಾರವನ್ನು ಮಾತ್ರ, ಇದರಲ್ಲಿ ಹಾಳೆಯ ಚಿತ್ರವೇ ಉಳಿಯುತ್ತದೆ. ಇಪ್ಪತ್ತು ವರ್ಷ ತಡವಾಗಿ, ಇಲಿ ಗೆದ್ದಲು ತಿಂದು ಉಳಿದದ್ದರ ಮೇಲೆ ನಡೆಯುತ್ತಿರುವ ಕೆಲಸ. ಆದರೂ ನಡೆಯಬೇಕಾದದ್ದು.

ದೊಡ್ಡಪ್ಪನ ಪಹಣಿ ಸರಿಯಾಯಿತು, ಎಂಟು ತಿಂಗಳಾಯಿತು. ಹಳೇ ಕೈಬರಹದ ಪುಸ್ತಕದ ಆ ಹಾಳೆ ಕಚೇರಿಯಲ್ಲಿ ಸಿಗಲಿಲ್ಲ. ಅಜ್ಜಿಯ ಟ್ರಂಕಿನ ತಳದಲ್ಲಿ, ಸೀರೆಯ ಕೆಳಗೆ ಹಾಸಿದ್ದ ಕ್ಯಾಲೆಂಡರಿನೊಳಗೆ, 1990ರ ದಶಕದಲ್ಲಿ ಸೊಸೈಟಿ ಸಾಲಕ್ಕೆಂದು ತೆಗೆದಿದ್ದ ಪಹಣಿಯ ನಕಲು ಸಿಕ್ಕಿತು. ನೀಲಿ ಶಾಯಿ, ಗ್ರಾಮ ಲೆಕ್ಕಿಗರ ಸಹಿ, ಮಸುಕಾದ ಸೀಲು: 1 ಎಕರೆ 32 ಗುಂಟೆ. ಅದೊಂದೇ ಇದ್ದಿದ್ದರೆ ಸಾಲುತ್ತಿರಲಿಲ್ಲ. ಸರ್ವೆ ಇಲಾಖೆಯಿಂದ ಆಕಾರಬಂದ್ ನಕಲು ತೆಗೆಸಿದೆವು, ಅಲ್ಲೂ 32. ಎರಡೂ ಸೇರಿಸಿ ಅರ್ಜಿ, ಮಹಜರು, ಆದೇಶ. ಆಮೇಲೆ ಸರ್ವರ್ ಇದ್ದ ಒಂದು ದಿನ ತಿದ್ದುಪಡಿ.

ಹೊಸ ಪಹಣಿ ತೆಗೆದುಕೊಂಡ ಸಂಜೆ ನಾನು ಹಳೇ ನಕಲನ್ನು ಮೊಬೈಲಿನಲ್ಲಿ ಫೋಟೊ ಹೊಡೆದೆ. ಒಂದು ಪ್ರತಿ ರೂಮ್‌ಮೇಟಿನ ಡಿಸ್ಕಿಗೆ, ಒಂದು ಅಣ್ಣನ ಮೇಲಿಗೆ. ಇನ್ನು ಈ ಕಾಗದ ಯಾಕೆ, ಲ್ಯಾಮಿನೇಶನ್ ಮಾಡಿಸಿಬಿಡೋಣ ಅಂದೆ. ದೊಡ್ಡಪ್ಪ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಅದೇ ಕ್ಯಾಲೆಂಡರಿನಲ್ಲಿ ಮಡಚಿ, ಟ್ರಂಕಿನ ತಳಕ್ಕೆ ಸೇರಿಸಿದರು. ಪಕ್ಕದಲ್ಲಿ ಎರಡು ನುಸಿಗುಳಿಗೆ ಇಟ್ಟರು.

"ನಿನ್ನ ಫೋನಿನಾಗೆ ಇರೋದು ಇರ್ಲಿ" ಅಂದರು. "ಈ ಸರ್ವರ್ ಎಲ್ಲೈತೆ ಅಂತ ನಂಗೊತ್ತು."